ಎರಡು ಸಲ ತಟ್ಟಿದರೆ

ಕಳೆದ ತಿಂಗಳು ಗದಗದಿಂದ ಸುದ್ದಿ ಬಂತು, ನಮ್ಮ ಮಾಸ್ಟ್ರು ತೀರಿಕೊಂಡರು ಅಂತ. ಆರು ವರ್ಷ ಮಾತಿಲ್ಲದೆ, ಬಲಗೈ ಬಲಗಾಲು ಇದ್ದೂ ಇಲ್ಲದ ಹಾಗೆ, ತಂಗಿಯ ಮನೆಯಲ್ಲಿ ಮಲಗಿದ್ದವರು. ಸೋದರಳಿಯ ಫೋನಿನಲ್ಲಿ ಹೇಳಿದ, "ತ್ರಾಸ ಏನೂ ಆಗ್ಲಿಲ್ರಿ. ಮುಂಜಾನೆ ಚಾ ಕುಡಿಸಾಕ ಹೋದ್ವಿ, ಹೋಗಿಬಿಟ್ಟಿದ್ರು."

ದುಬೈಯಲ್ಲಿ ನಮ್ಮ ಕನ್ನಡ ಆರಾಧನೆಯ ಗುಂಪಿನವರು ಒಂದು ಸ್ಮರಣೆಯ ಸಭೆ ಇಟ್ಟರು. ಅವರನ್ನು ಹೆಚ್ಚು ಬಲ್ಲವನು ನಾನೇ ಎಂದು ನನ್ನನ್ನು ಮಾತಾಡಲು ಕರೆದರು. ಹತ್ತು ನಿಮಿಷ ಮಾತಾಡಿದೆ. ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಪಾಸ್ಟರ್ ನನ್ನ ಕೈ ಕುಲುಕಿದರು. ನಾನು ಪರದೆ ಬಟ್ಟೆಯ ವ್ಯಾಪಾರಿ. ಕಲೆ ಇರುವ ಭಾಗ ಒಳಮಡಿಕೆಗೆ ಹೋಗುವ ಹಾಗೆ ಥಾನು ಬಿಚ್ಚಿ ತೋರಿಸುವುದು ನನಗೆ ಬರುತ್ತದೆ. ಅವತ್ತೂ ಹಾಗೆಯೇ ತೋರಿಸಿ ಕೆಳಗಿಳಿದೆ.

ನಡೆದದ್ದು ಇಷ್ಟು. ನಮಗೆಲ್ಲ ಮಾತಾಡಲು ಕಲಿಸಿದ ಆ ಮನುಷ್ಯ ದುಬೈಯ ಒಂದು ಆಸ್ಪತ್ರೆಯಲ್ಲಿ ಮಾತು ಕಳೆದುಕೊಂಡು ಮೂರು ವಾರ ಬಿದ್ದಿದ್ದರು. ತಮ್ಮವರು ಒಬ್ಬರಾದರೂ ಬರುತ್ತಾರೆಂದು ಬಾಗಿಲು ನೋಡುತ್ತಿದ್ದರು. ಅವರ ನಲವತ್ತು ಜನ ನಾವು ಅದೇ ಊರಿನಲ್ಲಿ, ಕಾರಿನಲ್ಲಿ ಹೋದರೆ ಕಾಲು ಗಂಟೆಯ ದೂರದಲ್ಲಿ, ಅವರದೇ ನಾಟಕದ ಪ್ರಾಕ್ಟೀಸ್ ಮಾಡುತ್ತಿದ್ದೆವು.

ಹೆಸರು ಬರೆಯುವುದಿಲ್ಲ. ಕಾರ್ಯಕ್ರಮದ ಹಾಳೆಯಲ್ಲಿ ಅವರು ಒಮ್ಮೆಯೂ ತಮ್ಮ ಹೆಸರು ಹಾಕಿಸಲಿಲ್ಲ. ಎಲ್ಲರಿಗೂ ಅವರು ಬರೀ ಮಾಸ್ಟ್ರು.

ನಾನು ದುಬೈಗೆ ಬಂದಾಗ ನೈಫ್ ರಸ್ತೆಯ ಒಬ್ಬ ಇರಾನಿಯ ಪರದೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗೋಡೆಗೆ ಡ್ರಿಲ್ ಹಾಕಿ ಸರಳು ಕೂರಿಸುವುದು ನನ್ನ ಕೆಲಸ. ಒಂದು ದಿನ ಕುಳ್ಳಗಿನ, ಒಣಕಲು ಮನುಷ್ಯನೊಬ್ಬ ಬಂದು ಹಿಂದಿಯಲ್ಲಿ ಕೇಳಿದ, ಒಂದು ದೊಡ್ಡ ಪರದೆ ಬೇಕು, ಹತ್ತು ನಿಮಿಷದಲ್ಲಿ ಕಟ್ಟಬೇಕು, ಎರಡು ಗಂಟೆಯ ಮೇಲೆ ಹತ್ತು ನಿಮಿಷದಲ್ಲಿ ಬಿಚ್ಚಬೇಕು. ಇರಾನಿ ನಕ್ಕುಬಿಟ್ಟ. ನಾನು ಹಿಂದೆಯೇ ಹೋಗಿ ಬೀದಿಯಲ್ಲಿ ಹಿಡಿದು ಕೇಳಿದೆ, ಯಾವ ಊರು ಅಂತ. ಗದಗದ ಕಡೆಯವರು. ನಾನು ಮೂಲ್ಕಿಯವನು. ಅವರ ಕನ್ನಡ ನನಗೆ ಅರ್ಧ, ನನ್ನದು ಅವರಿಗೆ ಅರ್ಧ.

ಆಗ ಗೊತ್ತಾಯಿತು, ಪರದೆ ಬೇಕಾದದ್ದು ಚರ್ಚಿನ ನಾಟಕಕ್ಕೆ. ಇಲ್ಲಿ ಚರ್ಚುಗಳೆಲ್ಲ ಒಂದೇ ಕಂಪೌಂಡಿನಲ್ಲಿ, ಹಾಲ್ ಒಂದೇ, ಭಾಷೆಗಳು ಹದಿನೈದು. ಶುಕ್ರವಾರ ನಾಲ್ಕರಿಂದ ಆರು ನಮ್ಮ ಕನ್ನಡದವರ ಪಾಳಿ. ಆರಕ್ಕೆ ತಮಿಳರು ಬಾಗಿಲಲ್ಲಿ ನಿಂತಿರುತ್ತಾರೆ. ಆ ಎರಡು ಗಂಟೆಯೊಳಗೆ ಹಾಡು, ಪ್ರಾರ್ಥನೆ, ಪಾಸ್ಟರ್ ಮಾಡುವ ಪ್ರಸಂಗ, ಕ್ರಿಸ್‌ಮಸ್‌ಗೂ ಈಸ್ಟರ್‌ಗೂ ಒಂದೊಂದು ಸ್ಕಿಟ್.

ನಾನು ರೇಟು ಹೇಳಿದೆ. ಅವರು ಚೌಕಾಸಿ ಮಾಡಲಿಲ್ಲ. ಓದುವವರಿಗೆ ಇಲ್ಲೊಂದು ಮಾತು ಹೇಳುತ್ತೇನೆ: ಚೌಕಾಸಿ ಮಾಡದ ಗಿರಾಕಿಯನ್ನು ನಂಬಬೇಡಿ. ಒಂದೋ ಅವನು ಕೊಡುವವನಲ್ಲ, ಇಲ್ಲ ದುಡ್ಡಿಗಿಂತ ದೊಡ್ಡದು ಕೇಳುವವನು. ಮಾಸ್ಟ್ರು ಎರಡನೇ ಜಾತಿಯವರು. ಪರದೆ ಬಿಚ್ಚಿ ಮಡಚುತ್ತಿದ್ದಾಗ ಹತ್ತಿರ ಬಂದು ಹೇಳಿದರು, "ಈ ಸಲ ಪರದೆ ಹಿಂದ ನಿಂತ್ರಿ. ಮುಂದಿನ ಸಲ ಮುಂದ ಬರ್ರಿ."

"ನನಗೆ ನಾಟಕ ಗೀಟಕ ಬರುವುದಿಲ್ಲ ಮಾರಾಯ್ರೆ."

"ಇರಾನಿ ಕಡೆಯಿಂದ ನನ್ನ ಬೆನ್ನು ಹತ್ತಿ ಬಂದ್ರಲ್ಲ, ಇರಾನಿಗಿ ಏನಂತ ಹೇಳಿ ಬಂದ್ರಿ?"

"ಉಚ್ಚೆಗೆ ಹೋಗ್ತೇನೆ ಅಂತ."

"ನಂಬಿದ್ನಲ್ಲ? ನಾಟಕ ಬರ್ತೈತಿ ಬಿಡ್ರಿ."

ಅವರು ಎ.ಸಿ. ಡಕ್ಟ್ ಹಾಕುವ ಕಂಪನಿಯೊಂದರಲ್ಲಿ ಟೈಮ್‌ಕೀಪರ್. ಅಲ್ ಕೂಜ್‌ನಲ್ಲಿ ಕೆಲಸಗಾರರ ಕ್ಯಾಂಪಿನಲ್ಲಿ ವಾಸ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ಬಂದವರಿಗೆ, ಕೆಂಪಿನದು ಬಾರದವರಿಗೆ. ಬೆಳಿಗ್ಗೆ ಐದಕ್ಕೆ ಬಸ್ಸಿನ ಬಾಗಿಲಲ್ಲಿ ನಿಂತು ಮುನ್ನೂರು ಜನರ ಹಾಜರಿ ಹಾಕಬೇಕು. ಕೆಂಪು ಬಿದ್ದರೆ ಕೂಲಿ ಕಟ್. ಜ್ವರ ಬಂದು ಮಲಗಿದವನಿಗೂ ಕೆಂಪೇ. ಶುಕ್ರವಾರ ಚರ್ಚಿಗೆ ಬರುವಾಗ ಕೆಂಪು ಪೆನ್ನನ್ನು ಕ್ಯಾಂಪಿನಲ್ಲಿಯೇ ಬಿಟ್ಟು ಬರುತ್ತಿದ್ದರು.

ಅವರ ಅಪ್ಪ ಗದಗದ ಕಡೆ ನಾಟಕ ಕಂಪನಿಯೊಂದರಲ್ಲಿ ಪರದೆ ಎಳೆಯುತ್ತಿದ್ದವರಂತೆ. ರಂಗದ ಮೇಲೆ ಒಮ್ಮೆಯೂ ಬಂದವರಲ್ಲ. ಮಗ ಅಪ್ಪನ ಪಕ್ಕ ಕೂತು ಕಲಿತದ್ದು ಒಂದೇ: ಮಾತು ಮರೆತವನಿಗೆ ಪಕ್ಕದಿಂದ ಮಾತು ಹೇಳಿಕೊಡಬಾರದು. ಹೇಳಿಕೊಟ್ಟರೆ ಅವನು ಹೇಳಿಕೊಟ್ಟವನ ಕಡೆ ತಿರುಗುತ್ತಾನೆ, ಜನರೂ ತಿರುಗುತ್ತಾರೆ. ಅದಕ್ಕೆ ಮಾಸ್ಟ್ರು ಹಾಲಿನ ಮೂಲೆಯಲ್ಲಿ ಕಬ್ಬಿಣದ ಮಡಚು ಕುರ್ಚಿ ಹಾಕಿ ಕೂರುವರು. ಕೈಯಲ್ಲಿ ಕ್ಯಾಂಪಿನ ರೂಮಿನ ಕೀಲಿಕೈ. ಅದರಿಂದ ಕುರ್ಚಿಯ ಕಾಲಿಗೆ ಒಮ್ಮೆ ತಟ್ಟಿದರೆ, ಮಾತು ನಿಮ್ಮದು ಎಂದರ್ಥ. ಎರಡು ಸಲ ತಟ್ಟಿದರೆ ಜೋರಾಗಿ ಹೇಳಿ ಎಂದರ್ಥ.

ಒಮ್ಮೆ ತಟ್ಟುವುದು ಅಪರೂಪ. ಎರಡರದೇ ಕಾಟ. ನಮ್ಮಲ್ಲಿ ಯಾರಿಗೂ ದನಿ ಇರಲಿಲ್ಲ. ಹೋಟೆಲಿನ ಲಾಂಡ್ರಿಯವ, ಶಾಲೆಯ ಬಸ್ಸಿನ ಡ್ರೈವರ್, ಆಸ್ಪತ್ರೆಯ ಆಯಾ, ಆಫೀಸಿನಲ್ಲಿ ಚಹಾ ಕೊಡುವವ. ಬಾಯಿ ಬಿಟ್ಟರೆ "ಯೆಸ್ ಸರ್" ಬಿಟ್ಟು ಬೇರೆ ಬಾರದು, ಅದೂ ಎದುರಿನವರಿಗಷ್ಟೇ ಕೇಳುವ ಹಾಗೆ. ಮಾಸ್ಟ್ರು ಹೇಳುವರು, "ಆರು ದಿನ ಸಾಹೇಬರ ಮುಂದ ಸಣ್ಣ ದನಿ. ಇಲ್ಲಿ ಯಾವ ಸಾಹೇಬ ಅದಾನ? ಹಿಂದಿನ ಕುರ್ಚಿಗೆ ಕೇಳಬೇಕು. ಅಲ್ಲಿ ಒಬ್ಬಾಕಿ ಮುದುಕಿ ಕುಂತಾಳಂತ ತಿಳ್ಕೊಳ್ರಿ, ಕಿವಿ ಮಂದ."

ದೇವದಾಸ ಎಂಬ ಬಸ್ ಡ್ರೈವರ್ ಜೋಸೆಫನ ಪಾತ್ರ ಮಾಡುತ್ತಿದ್ದ. ಅವನ ಕೈಯಲ್ಲಿ "ಒಳಗೆ ಜಾಗ ಉಂಟಾ?" ಎಂಬ ಒಂದು ಮಾತನ್ನು ಮಾಸ್ಟ್ರು ಎರಡು ಶುಕ್ರವಾರ ಹೇಳಿಸಿದರು. ಟಕ್ ಟಕ್. ಟಕ್ ಟಕ್. ಕೊನೆಗೆ ಅವನು ಸಿಟ್ಟಿನಿಂದ ಕಿರುಚಿದ. ಕುರ್ಚಿ ಸುಮ್ಮನಾಯಿತು. ಅವನು ಆಮೇಲೆ ನನ್ನಲ್ಲಿ ಹೇಳಿದ, "ಈ ಊರಿಗೆ ಬಂದು ಏಳು ವರ್ಷ ಆಯ್ತು ಅಂಕಲ್. ಇಷ್ಟು ಜೋರಾಗಿ ಮಾತಾಡಿದ್ದು ಇವತ್ತೇ."

ಮಕ್ಕಳೂ ಇದ್ದರು. ಅವರು ಇಲ್ಲೇ ಹುಟ್ಟಿದವರು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಅಂಕಲ್, ಐ ಫರ್ಗಾಟ್" ಎಂದರೆ ಮಾಸ್ಟ್ರು, "ಫರ್ಗಾಟ್ ಆತಲ್ಲ, ಸುಮ್ಮನ ನಿಂದ್ರು. ಕುರಿ ಕಾಯೋ ಮಂದಿ ಭಾಳ ಮಾತಾಡಂಗಿಲ್ಲ."

ಅವರಿಗೆ ಎರಡು ನಿಯಮ. ಒಂದು, ಪ್ರತಿಯೊಬ್ಬನೂ ಎರಡು ಪಾತ್ರ ಕಲಿಯಬೇಕು, ತನ್ನದು ಒಂದು, ತನ್ನ ಜೋಡಿಯದು ಒಂದು. ಯಾಕೆಂದರೆ ಇಲ್ಲಿ ಯಾರೂ ಇವತ್ತು ಇದ್ದ ಹಾಗೆ ನಾಳೆ ಇರುವುದಿಲ್ಲ. ಮರಿಯಳ ಪಾತ್ರದವಳಿಗೆ ನೈಟ್ ಡ್ಯೂಟಿ ಬೀಳುತ್ತದೆ. ದೇವದೂತನನ್ನು ಕಂಪನಿ ಗುರುವಾರ ಅಬುಧಾಬಿ ಸೈಟಿಗೆ ಕಳಿಸುತ್ತದೆ. ಒಂದು ವರ್ಷ ಹೆರೋದನ ವೀಸಾ ಕ್ಯಾನ್ಸಲ್ ಆಗಿ, ನಾಟಕಕ್ಕೆ ಎರಡು ದಿನ ಇರುವಾಗ ಅವನು ವಿಮಾನ ಹತ್ತಿದ. ಜೋಡಿ ಎದ್ದು ನಿಂತ, ನಾಟಕ ನಡೆಯಿತು. ನೋಡಿದವರಿಗೆ ಗೊತ್ತೇ ಆಗಲಿಲ್ಲ.

ಇನ್ನೊಂದು, ಬಾರದವರನ್ನು ಯಾಕೆ ಬರಲಿಲ್ಲ ಎಂದು ಕೇಳಬಾರದು. ಒಮ್ಮೆ ಹೊಸದಾಗಿ ಬಂದ ಹೆಂಗಸೊಬ್ಬರು ದೇವದಾಸನನ್ನು, "ನೀವೆಂತ ಎರಡು ವಾರದಿಂದ ಕಾಣ್ಲೇ ಇಲ್ಲ?" ಎಂದು ಕೇಳಿದರು. ಅವನ ಮುಖ ಕಪ್ಪಾಯಿತು. ಆಗ ಅವನ ಕೆಲಸ ಹೋಗಿತ್ತು. ಯಾರದೋ ರೂಮಿನಲ್ಲಿ ಅಡಗಿಕೊಂಡ ಹಾಗೆ ಇದ್ದ. ಕುರ್ಚಿಯ ಕಾಲಿಗೆ ಒಂದು ಏಟು ಬಿತ್ತು. "ಅಕ್ಕಾರ, ನಿಮ್ಮ ಡೈಲಾಗ್ ಹೇಳ್ರಿ."

ಆಮೇಲೆ ಕಂಪೌಂಡಿನ ಬೇವಿನ ಮರದ ಕೆಳಗೆ ಚಹಾ ಕುಡಿಯುವಾಗ ನಾನು ಕೇಳಿದೆ, ಇದೆಂತ ನಿಯಮ ಅಂತ.

"ಆರು ದಿನ ನಾನ ಕೇಳ್ತೀನ್ರಿ ಆ ಪ್ರಶ್ನಿ. ಯಾಕ ಬರ್ಲಿಲ್ಲ, ಯಾಕ ಬರ್ಲಿಲ್ಲ. ಎಲ್ಲಾರೂ ಸುಳ್ಳ ಹೇಳ್ತಾರ, ಪಾಪ, ಇನ್ನೇನ ಮಾಡ್ಯಾರು? ಏಳನೇ ದಿನ ದೇವರ ಮನ್ಯಾಗೂ ಸುಳ್ಳ ಹೇಳಿಸೋದು ಬ್ಯಾಡ."

ಮಾತು ಚೆನ್ನಾಗಿತ್ತು. ನಾವೆಲ್ಲ ಒಪ್ಪಿಕೊಂಡೆವು. ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೇಳದೆ ಇರುವುದು ಸುಲಭ.

ಅಷ್ಟರಲ್ಲಿ ನಾನು ಸ್ವಂತ ಅಂಗಡಿ ಹಾಕಿದ್ದೆ, ಮುರಕ್ಕಬಾತಿನಲ್ಲಿ ಫ್ಲಾಟ್ ಹಿಡಿದು ಹೆಂಡತಿ ಗ್ರೇಸಿಯನ್ನು ಕರೆಸಿಕೊಂಡಿದ್ದೆ. ಸ್ವಂತ ಕಾಲಿನ ಮೇಲೆ ನಿಂತವನಿಗೆ ಬುದ್ಧಿ ಹೇಳುವ ಚಟ ತಾನಾಗಿ ಬರುತ್ತದೆ. ಊರಿಂದ ಹೊಸದಾಗಿ ಬಂದ ಹುಡುಗರನ್ನು ಪ್ರಾಕ್ಟೀಸ್ ಮುಗಿದ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದೆ. ಪಾಸ್‌ಪೋರ್ಟಿನ ಕಾಪಿ ಮೂರು ಕಡೆ ಇಡಿ. ಓದಲಿಕ್ಕೆ ಬಾರದ ಅರಬಿ ಕಾಗದಕ್ಕೆ ಸಹಿ ಹಾಕಬೇಡಿ. ಮತ್ತೆ, ಗುರುತಿಲ್ಲದ ನಂಬರಿನಿಂದ ಫೋನ್ ಬಂದು, ಪೊಲೀಸೋ, ಆಸ್ಪತ್ರೆಯೋ, ಯಾರದೋ ಕಂಪನಿಯೋ, ಇಂಥವನು ಗೊತ್ತುಂಟಾ ಎಂದು ಕೇಳಿದರೆ ಒಂದೇ ಉತ್ತರ: "ಸಾರಿ, ಐ ಡೋಂಟ್ ನೋ, ರಾಂಗ್ ನಂಬರ್." ಗೊತ್ತುಂಟು ಎಂದವನು ಮರುದಿನದಿಂದ ಜವಾಬ್ದಾರ. ನನ್ನ ಹಳೇ ರೂಮ್‌ಮೇಟ್ ಒಬ್ಬ ಹಾಗೆ ಗೊತ್ತುಂಟು ಎಂದು, ಓಡಿಹೋದ ಗೆಳೆಯನ ದೆಸೆಯಿಂದ ಒಂದು ತಿಂಗಳು ಠಾಣೆಗೆ ಅಲೆದಿದ್ದ. ಹಾಗಾಗಿ ಆ ವಾಕ್ಯವನ್ನು ಹುಡುಗರ ಬಾಯಲ್ಲಿ ಎರಡೆರಡು ಸಲ ಹೇಳಿಸುತ್ತಿದ್ದೆ.

ಮಾಸ್ಟ್ರು ದೂರದಿಂದ ಕೇಳಿ, "ಚಲೋ ಡೈಲಾಗ್ ಬರ್ದೀರಿ ಸಾವ್ಕಾರ್ರ. ಸಣ್ಣದು, ಮರಿಯಂಗಿಲ್ಲ" ಎಂದರು. ಅಂಗಡಿ ಹಾಕಿದ ಮೇಲೆ ಅವರು ನನ್ನನ್ನು ಸಾವ್ಕಾರ್ರ ಎಂದೇ ಕರೆಯುತ್ತಿದ್ದರು. ಹೊಗಳಿಕೆಯೋ ಚುಚ್ಚೋ, ಅವರ ಮುಖ ನೋಡಿ ತಿಳಿಯುವ ಹಾಗಿರಲಿಲ್ಲ.

ಒಂದು ಕ್ರಿಸ್‌ಮಸ್‌ಗೆ ಅವರು ಬೆತ್ಲೆಹೇಮನ್ನು ದುಬೈಯ ದೇರಾಕ್ಕೆ ತಂದುಬಿಟ್ಟರು. ತುಂಬು ಬಸುರಿ ಮರಿಯಳಿಗೆ ಜಾಗ ಸಿಗದ ಛತ್ರದ ಬದಲು ಒಂದು ಬೆಡ್‌ಸ್ಪೇಸ್ ಫ್ಲಾಟ್, ಒಂದು ಕೋಣೆಯಲ್ಲಿ ಹತ್ತು ಮಂಚ. ಜೋಸೆಫ್ ಒಬ್ಬ ಬಡಗಿ, ಪಾಸ್‌ಪೋರ್ಟ್ ಕಂಪನಿಯ ಕೈಯಲ್ಲಿ. ಛತ್ರದವನಾಗಿ ನಾನು. ಕಮಿಟಿಯಲ್ಲಿ ಗಲಾಟೆ ಆಯಿತು. ಸತ್ಯವೇದದಲ್ಲಿ ಬೆಡ್‌ಸ್ಪೇಸ್ ಎಲ್ಲಿದೆ ಎಂದು ಒಬ್ಬರು ಕೇಳಿದರು. ಮಾಸ್ಟ್ರು ಕೇಳಿದರು, "ಜಾಗ ಇಲ್ಲ ಅನ್ನೋದು ಐತಲ್ರಿ?" ಪಾಸ್ಟರ್ ನಕ್ಕು ಬಿಟ್ಟುಕೊಟ್ಟರು.

ನಾನು ಛತ್ರದವನನ್ನು ರಾಕ್ಷಸನ ಹಾಗೆ ಮಾಡಿದೆ. ಕಣ್ಣು ಕೆಂಪು, ಗಂಟಲು ಜೋರು. ಅಲ್ಲಿಯವರೆಗೆ ಯಾರನ್ನೂ ಮುಟ್ಟಿ ಕಲಿಸದ ಮಾಸ್ಟ್ರು ಎದ್ದು ಬಂದು ನನ್ನ ಭುಜ ಹಿಡಿದರು. "ಸಿಟ್ಟು ಬ್ಯಾಡ್ರಿ. ಸಿಟ್ಟು ಬಂದವನ ಮನಸ್ಸು ಬದಲಾಗ್ತೈತಿ. ನೀವು ಅಂಗಡ್ಯಾಗ ಗಿರಾಕಿಗಿ ಈ ಬಣ್ಣದ ಬಟ್ಟಿ ಇಲ್ಲ ಅಂತೀರಲ್ಲ, ಒಳಗ ಇಟ್ಕೊಂಡು? ಹಂಗ ಹೇಳ್ರಿ. ಮರ್ಯಾದಿಯಿಂದ. ಅವರಿಗಿ ನಿಮ್ಮ ಮ್ಯಾಲ ಬ್ಯಾಸರಾನೂ ಆಗಬಾರ್ದು."

ಹಾಗೆ ಹೇಳಿದೆ. ಹಾಲ್ ತಣ್ಣಗಾಯಿತು. ಅಲ್ಲಿಂದ ಪ್ರತಿ ಕ್ರಿಸ್‌ಮಸ್‌ಗೂ ಅದೇ ನಾಟಕ, ಆ ಪಾತ್ರ ನನಗೇ ಎಂದಾಯಿತು.

ಹಾಲಿನ ಪರವಾನಗಿಗೆ ಪ್ರತಿ ವರ್ಷ ಒಬ್ಬರು ತಮ್ಮ ಪಾಸ್‌ಪೋರ್ಟಿನ ಕಾಪಿ ಕೊಡಬೇಕಿತ್ತು. ಅದನ್ನು ಮಾಸ್ಟ್ರು ಕೊಡುವರು, ಆಫೀಸಿಗೆ ಒಯ್ಯುವುದು ನಾನು. ಮೊದಲ ಸಲ ನೋಡಿ ನಗು ಬಂತು. ಫೋಟೋದಲ್ಲಿ ಕಪ್ಪು ಮೀಸೆಯ ಹುಡುಗ. ಕೆಳಗೆ ಊರಿನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು, ಎಲ್ಲಕ್ಕೂ ಕೊನೆಗೆ ಅವರದು.

"ಇಷ್ಟು ಉದ್ದವಾ ಮಾಸ್ಟ್ರೆ?"

"ಕರಿಯಾಕ ಯಾರೂ ಇಲ್ಲಲ್ರಿ. ಬರಿಯಾಕ ಅಷ್ಟ."

ಹೆಂಡತಿ ಮದುವೆಯಾದ ಮೂರನೇ ವರ್ಷ ಬಾಣಂತಿಯಾಗಿದ್ದಾಗ ತೀರಿಕೊಂಡಿದ್ದಳು ಎನ್ನುವುದು ನನಗೆ ಅವತ್ತು ತಿಳಿಯಿತು. ಅದನ್ನೂ ಅವರು ಕಾಪಿಯನ್ನು ಮಡಚುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. ಮಗುವಿನ ಮಾತನ್ನು ನಾನು ಕೇಳಲಿಲ್ಲ. ನಮ್ಮಲ್ಲಿ ಕೇಳುವ ಪದ್ಧತಿ ಇರಲಿಲ್ಲವಲ್ಲ.

ಒಂದು ವರ್ಷ ಅವರು ತಮಗೂ ಜೋಡಿ ಬೇಕೆಂದರು. "ನಾನೇನು ಗೂಟ ಹೊಡ್ಕೊಂಡು ಬಂದೀನೇನ್ರಿ?" ಎಂದು ನಾಟಕದ ನೋಟ್‌ಬುಕ್ಕನ್ನು ನನ್ನ ಕೈಯಲ್ಲಿ ನಕಲು ಮಾಡಿಸಿದರು. ಯಾವ ಮಾತಿಗೆ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ತಟ್ಟಬೇಕು, ಎಲ್ಲ ಅದರಲ್ಲಿತ್ತು. ಕೊನೆಯ ಹಾಳೆಯಲ್ಲಿ ಪಾತ್ರಗಳ ಹೆಸರು ಕನ್ನಡದಲ್ಲಿ, ಎದುರಿಗೆ ಫೋನ್ ನಂಬರು. ಅವರಿಗೆ ಮೊಬೈಲ್ ಇರಲಿಲ್ಲ. ಏನಾದರೂ ಇದ್ದರೆ ಕ್ಯಾಂಪಿನ ಕಾಯಿನ್ ಫೋನಿನಿಂದ ಮಾಡುವರು.

ಆ ವರ್ಷ ಕ್ರಿಸ್‌ಮಸ್ ನಾಟಕಕ್ಕೆ ಇನ್ನೂ ಎರಡು ಪ್ರಾಕ್ಟೀಸ್ ಇದ್ದವು. ಶುಕ್ರವಾರ ಮಾಸ್ಟ್ರು ಬರಲಿಲ್ಲ. ನಾಲ್ಕೂಕಾಲರವರೆಗೆ ಕಾದು, ನಾನು ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತೆ. ಅಂಗಡಿಯ ಕೀಲಿಕೈ ಜೇಬಿನಿಂದ ತೆಗೆದೆ. ಛತ್ರದವನ ಪಾತ್ರಕ್ಕೆ ನನ್ನ ಜೋಡಿ ಬಂದ, ಹುಬ್ಬಳ್ಳಿಯ ಎಲೆಕ್ಟ್ರಿಷಿಯನ್. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎರಡನೇ ಶುಕ್ರವಾರವೂ ಹಾಗೆಯೇ. ಸೈಟು ಬದಲಾಗಿರಬೇಕು ಎಂದು ಒಬ್ಬ ತನ್ನಷ್ಟಕ್ಕೆ ಹೇಳಿಕೊಂಡ. ಅದು ಸಾಕಾಯಿತು.

ನನಗೆ ಆ ಕುರ್ಚಿ ಹಿಡಿಸಿತ್ತು. ಎರಡು ಸಲ ತಟ್ಟಿದ ಕೂಡಲೇ ಎದುರಿನವನು ದನಿ ಎತ್ತುವುದು ನೋಡಲು ಸುಖ. ಅಲ್ ಕೂಜ್‌ಗೆ ಹೋಗಿ ಕ್ಯಾಂಪಿನ ಗೇಟಿನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಗ್ರೇಸಿ ಹೇಳಿಯೂ ಹೇಳಿದಳು. "ಒಮ್ಮೆ ಹೋಗಿ ನೋಡಿ ಬನ್ನಿ ಅಲ್ವಾ?"

"ಅವರಿಗೇ ಇಷ್ಟವಿಲ್ಲ ಮಾರಾಯ್ತಿ ಹಾಗೆ ಕೇಳುವುದು" ಎಂದೆ.

ನಾಟಕದ ವಾರ, ಮಂಗಳವಾರ. ಅಂಗಡಿಯಲ್ಲಿ ಜುಮೇರಾದ ಒಂದು ದೊಡ್ಡ ಮನೆಯ ಆರ್ಡರ್ ಎದುರಿಗೆ ಹರಡಿಕೊಂಡು ಕೂತಿದ್ದೆ. ಮೊಬೈಲ್ ಬಂತು. ಆಸ್ಪತ್ರೆಯಿಂದ ಒಬ್ಬ ನರ್ಸ್. ಮಲಯಾಳಿ ಇಂಗ್ಲಿಷ್. ಒಬ್ಬ ಪೇಷಂಟ್ ಇದ್ದಾರೆ, ಮಾತಾಡಲು ಆಗುವುದಿಲ್ಲ, ಅವರ ಪುಸ್ತಕದಲ್ಲಿ ಈ ನಂಬರ್ ಇದೆ ಎಂದು ಹೇಳಿ ಉದ್ದದ ಹೆಸರೊಂದನ್ನು ಓದಿದಳು. ಊರು, ಅಪ್ಪ, ಅಜ್ಜ. "ನಿಮಗೆ ಗೊತ್ತಾ?"

"ಸಾರಿ, ಐ ಡೋಂಟ್ ನೋ, ರಾಂಗ್ ನಂಬರ್" ಎಂದೆ. ಸಿಟ್ಟಿಲ್ಲದೆ, ಮರ್ಯಾದೆಯಿಂದ. ಅವಳು ನನಗೇ ಥ್ಯಾಂಕ್ಸ್ ಹೇಳಿ ಇಟ್ಟಳು.

ಗಲ್ಲಾದಲ್ಲಿ ಕೂತಿದ್ದ ಗ್ರೇಸಿ ಕೇಳಿದಳು, "ಯಾರು?"

"ಆಸ್ಪತ್ರೆಯವರು. ಯಾರನ್ನೋ ಕೇಳಿದ್ರು."

ಶುಕ್ರವಾರ ನಾಟಕ ಬಹಳ ಚೆನ್ನಾಗಿ ಆಯಿತು. ಅಷ್ಟು ಚೆನ್ನಾಗಿ ಹಿಂದೆಂದೂ ಆಗಿರಲಿಲ್ಲ ಎಂದು ಜನ ಹೇಳಿದರು. ಪಾಸ್ಟರ್ ನನ್ನನ್ನು ಕರೆದು ಶಾಲು ಹೊದಿಸಿದರು. ಆರಕ್ಕೆ ಸರಿಯಾಗಿ ಪರದೆ ಬಿಚ್ಚಿ ಮಡಚಿ, ಹಾಲನ್ನು ತಮಿಳರಿಗೆ ಬಿಟ್ಟುಕೊಟ್ಟೆವು. ಕಾರಿನ ಹತ್ತಿರ ಗ್ರೇಸಿ ನಿಂತು ಹೇಳಿದಳು, "ಮಾಸ್ಟ್ರು ಎಲ್ಲಿ ಅಂತ ಒಬ್ಬರೂ ಕೇಳ್ಲಿಲ್ಲ ಅಲ್ವಾ. ಒಂದು ಮಾತು."

ಪರದೆಯ ಗಂಟನ್ನು ಡಿಕ್ಕಿಗೆ ಹಾಕುತ್ತಿದ್ದ ದೇವದಾಸ ತಲೆ ಎತ್ತಿದ. "ಅಂಕಲ್, ಮೊನ್ನೆ ಒಂದು ಫೋನ್ ಬಂದಿತ್ತು. ಆಸ್ಪತ್ರೆಯಿಂದ. ಒಂದು ಉದ್ದ ಹೆಸರು ಹೇಳಿ ಗೊತ್ತುಂಟಾ ಕೇಳಿದ್ರು. ನಾನು ನೀವು ಹೇಳಿಕೊಟ್ಟ ಹಾಗೆ ಹೇಳಿದೆ."

"ನಿನಗೂ ಬಂದಿತ್ತಾ?" ಗ್ರೇಸಿ ಕೇಳಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಡಿಕ್ಕಿಯ ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ನನ್ನ ಮೊಬೈಲಿನಲ್ಲಿದ್ದ ಆ ನಂಬರಿಗೆ ಅವಳೇ ಫೋನ್ ಮಾಡಿ ವಾರ್ಡ್ ಕೇಳಿಕೊಂಡಳು. ಮೂವರೂ ಹೋದೆವು.

ನರ್ಸ್ ಒಳ್ಳೆಯ ಹುಡುಗಿ. ಎಲ್ಲ ಹೇಳಿದಳು. ಮೂರು ವಾರದ ಹಿಂದೆ ಶನಿವಾರ ಸೈಟಿನಲ್ಲಿ ಹಾಜರಿ ಹಾಕುತ್ತಿದ್ದಾಗ ಬಿದ್ದರಂತೆ. ಮೆದುಳಿನಲ್ಲಿ ರಕ್ತ ಕಟ್ಟಿತ್ತು. ಕಂಪನಿಯವರು ತಂದು ಸೇರಿಸಿ, ಊರಿಗೆ ತಿಳಿಸಿ, ಕಾಗದಕ್ಕಾಗಿ ಎರಡು ಸಲ ಬಂದು ಹೋಗಿದ್ದರು. ಐ.ಸಿ.ಯು.ನಿಂದ ವಾರ್ಡಿಗೆ ತಂದ ಮೇಲೆ ಅವರ ಚೀಲದಲ್ಲಿ ನೋಟ್‌ಬುಕ್ ಸಿಕ್ಕಿತು. ಅಕ್ಷರ ಅವಳಿಗೆ ಓದಲಿಕ್ಕೆ ಬಾರದು, ನಂಬರ್ ಬರುತ್ತದೆ. ಅದನ್ನು ತೋರಿಸಿದಾಗ ಮಾಸ್ಟ್ರು ಎಡಗೈಯ ಬೆರಳನ್ನು ಹಾಳೆಯ ಮೇಲೆ ಒತ್ತಿ ಹಿಡಿದರಂತೆ.

"ಮಂಗಳವಾರ ಅವರ ಮಂಚದ ಪಕ್ಕದಲ್ಲೇ ನಿಂತು ಐದು ನಂಬರಿಗೆ ಮಾಡಿದೆ ಸರ್. ಐದು ಜನರೂ ಒಂದೇ ಮಾತು ಹೇಳಿದರು. ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ಆರನೆಯದಕ್ಕೆ ಮಾಡಲಿಲ್ಲ." ಆಮೇಲೆ ಹೇಳಿದಳು, "ಈ ಮನುಷ್ಯ ನಿಮಗೆಲ್ಲ ಏನೋ ದೊಡ್ಡ ಕೇಡು ಮಾಡಿದ್ದಾನೆ ಅಂದುಕೊಂಡೆ."

ದೇವದಾಸ ಅಳತೊಡಗಿದ. "ನಮಗೆ ಹೆಸರು ಗೊತ್ತಿರಲಿಲ್ಲ ಸಿಸ್ಟರ್. ನಾವು ಮಾಸ್ಟ್ರು ಅಂತಲೇ ಹೇಳುವುದು."

"ಹೌದು, ಪಾಸ್‌ಪೋರ್ಟಿನ ಹೆಸರು ಯಾರಿಗೆ ಗೊತ್ತಿರ್ತದೆ?" ಎಂದೆ ನಾನು. ಆರು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಸಭೆಯಲ್ಲಿಯೂ ಇದನ್ನೇ ಹೇಳಿದೆ. ಜನ ಅಯ್ಯೋ ಎಂದರು.

ಹನ್ನೆರಡು ದಿನದ ಮೇಲೆ ಕಂಪನಿಯವರು ಮಾಸ್ಟ್ರನ್ನು ಊರಿಗೆ ಕಳಿಸಿದರು. ಅಷ್ಟು ದಿನವೂ ನಮ್ಮವರು ಪಾಳಿ ಹಾಕಿಕೊಂಡು ಅವರ ಹತ್ತಿರ ಕೂತರು. ನಾನು ಕಂಪನಿಯೊಡನೆ ಜಗಳ ಮಾಡಿ ಜೊತೆಗೆ ಒಬ್ಬ ನರ್ಸನ್ನು ಕಳಿಸುವ ಹಾಗೆ ಮಾಡಿದೆ. ಓದಲಿಕ್ಕೆ ಬಾರದ ಅರಬಿ ಕಾಗದಕ್ಕೆಲ್ಲ ಸಹಿ ಹಾಕಿದೆ. ಹೆದರಿದ ಹಾಗೆ ಏನೂ ಆಗಲಿಲ್ಲ, ಯಾವ ಠಾಣೆಯವರೂ ಕರೆಯಲಿಲ್ಲ. ಸ್ಟ್ರೆಚರನ್ನು ವಿಮಾನಕ್ಕೆ ಒಯ್ಯುವಾಗ ಜನ ನನ್ನ ಬೆನ್ನು ತಟ್ಟಿದರು. ಆಮೇಲೆ ಪ್ರತಿ ರಜೆಯಲ್ಲೂ ಗದಗಕ್ಕೆ ಹೋಗಬೇಕು ಅಂದುಕೊಂಡೆ. ಹೋಗಲಿಲ್ಲ.

ಈಗ ನಮ್ಮ ಗುಂಪಿನ ಅರ್ಧ ಜನ ಡಿಸ್ಕವರಿ ಗಾರ್ಡನ್ಸ್ ಕಡೆ ಮನೆ ಮಾಡಿದ್ದಾರೆ. ನಾಟಕ ಈಗಲೂ ಉಂಟು, ಕುರ್ಚಿಯಲ್ಲಿ ಕೂರುವುದು ದೇವದಾಸ. ನಾನು ಪುಸ್ತಕ ಹಿಡಿದು ಹಾಜರಿ ಹಾಕುತ್ತೇನೆ. ಬಾರದವರಿಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ. "ನೀವೇನು ಪೊಲೀಸಾ ಅಂಕಲ್?" ಎಂದು ಹುಡುಗರು ರೇಗುತ್ತಾರೆ. ಸುಳ್ಳು ಹೇಳುತ್ತಾರೆ. ಹೇಳಲಿ, ಸುಳ್ಳು ಹೇಳುವವನಿಗೆ ದನಿಯಾದರೂ ಇದೆ ಎಂದಾಯಿತಲ್ಲ. ಹಳೇ ವಾಕ್ಯವನ್ನು ಯಾರಿಗೂ ಕಲಿಸುವುದಿಲ್ಲ. ಗಲ್ಫಿಗೆ ಹೋಗುವವರಿಗೆ ಈಗ ನನ್ನ ಬುದ್ಧಿಮಾತು ಒಂದೇ: ನಿಮ್ಮ ಪಕ್ಕದವನ ಪೂರ್ತಿ ಹೆಸರು ಕೇಳಿ ಬರೆದಿಟ್ಟುಕೊಳ್ಳಿ, ಫೋನ್ ಬಂದರೆ ಗೊತ್ತುಂಟು ಅನ್ನಿ.

ಸಭೆಯಲ್ಲಿ ನಾನು ಹೇಳದೆ ಉಳಿಸಿಕೊಂಡದ್ದು ನಾವು ಆಸ್ಪತ್ರೆಗೆ ಹೋದ ಆ ಶನಿವಾರದ ಸಂಗತಿ.

ನರ್ಸ್ ನಮ್ಮನ್ನು ಮಂಚದ ಹತ್ತಿರ ಕರೆದುಕೊಂಡು ಹೋದಳು. ಗಡ್ಡ ಬೆಳೆದಿತ್ತು, ಬಾಯಿ ಒಂದು ಕಡೆ ಜಾರಿತ್ತು. ಕಣ್ಣು ಮಾತ್ರ ಮೂಲೆಯ ಕುರ್ಚಿಯಿಂದ ನೋಡುತ್ತಿದ್ದ ಅದೇ ಕಣ್ಣು. ಒಬ್ಬೊಬ್ಬರನ್ನೇ ನೋಡಿದರು. ಎಲ್ಲ ತಿಳಿಯುತ್ತದೆ, ಉತ್ತರ ಕೊಡಲು ಆಗುವುದಿಲ್ಲ ಎಂದು ನರ್ಸ್ ಹೇಳಿದಳು. ಬಂದ ಹೊಸದರಲ್ಲಿ ಬಾಗಿಲಲ್ಲಿ ಯಾರು ಕಂಡರೂ ಮಂಚದ ಕಂಬಿಗೆ ಉಗುರಿನಿಂದ ತಟ್ಟುತ್ತಿದ್ದರಂತೆ. ಈಗ ನಾಲ್ಕು ದಿನದಿಂದ ನಿಲ್ಲಿಸಿದ್ದಾರೆ ಎಂದಳು. ಮಂಗಳವಾರದಿಂದ ಲೆಕ್ಕ ಹಾಕಿದೆ. ಸರಿಯಾಗಿತ್ತು.

ಗ್ರೇಸಿ ಅವರ ಹಣೆ ಮುಟ್ಟಿ ಪ್ರಾರ್ಥನೆ ಮಾಡಿದಳು. ಆಮೇಲೆ ಅವಳೂ ದೇವದಾಸನೂ ಕಾಲ ಬಳಿ ಹೋಗಿ ನಿಂತರು. ನಾನು ಬಗ್ಗಿ, ಅವರ ಕಿವಿಯ ಹತ್ತಿರ ಬಾಯಿ ಇಟ್ಟು, ಅವರಿಬ್ಬರಿಗೆ ಕೇಳದ ಹಾಗೆ ಹೇಳಿದೆ, "ಮಾಸ್ಟ್ರೆ, ಹೆಸರು ಹೇಳಿದ ಕೂಡಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೇ ಹಾಗೆ ಹೇಳಿದೆ."

ಅವರು ನನ್ನ ಮುಖ ನೋಡಿದರು. ಎಡಗೈ ಹೊದಿಕೆಯ ಮೇಲಿಂದ ನಿಧಾನ ಜಾರಿ ಕಂಬಿಯ ಹತ್ತಿರ ಬಂತು. ತೋರುಬೆರಳು ಎದ್ದಿತು. ಉಗುರು ಕಬ್ಬಿಣಕ್ಕೆ ತಾಗಿ ಸದ್ದಾಯಿತು. ಇನ್ನೊಮ್ಮೆ.

"ಏನಂದ್ರಿ ಅಂಕಲ್ ಅವರಿಗೆ?" ದೇವದಾಸ ಕೇಳಿದ.

"ಏನಿಲ್ಲ," ಎಂದೆ. "ಪ್ರಾರ್ಥನೆ."

ಕಂಬಿಯ ಮೇಲೆ ಮತ್ತೆ ಎರಡು ಸಲ.